ಕೈಗಡಿಯಾರದ ಒಡಲು: ಸ್ವಂತ ಮನೆಯದೋ, ಸಂತೆಯದೋ?

ಕೈಗಡಿಯಾರವನ್ನು ಕೊಳ್ಳುವವನು ಅದರ ಮುಖವನ್ನು ನೋಡಿ ಕೊಳ್ಳುತ್ತಾನೆ. ಆದರೆ ಅವನು ಬಾಳಬೇಕಾದುದು ಅದರ ಒಡಲಿನೊಡನೆ. ಈ ಮಾತು ನಮಗೆ ಹೊಳೆದುದು ಕಳೆದ ತಿಂಗಳು, ಮುಂಬಯಿಯ ನಮ್ಮ ಮಿತ್ರರೊಬ್ಬರು ಭಾನುವಾರದ ಬೆಳಿಗ್ಗೆ ಮನೆಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟಾಗ.

ಈ ಮಿತ್ರರು ಹದಿನಾರನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಇಲ್ಲಿಗೆ ಬಂದವರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿ ಈಚೆಗೆ ನಿವೃತ್ತರಾದರು. ಬ್ಯಾಂಕಿನ ಮೊದಲ ಸಂಬಳದಲ್ಲಿ ಕೊಂಡ ಎಚ್.ಎಂ.ಟಿ. ವಾಚನ್ನು ಇಂದಿಗೂ ಕೈಗೆ ಕಟ್ಟುತ್ತಾರೆ. ಮಗನಿಗೆ ತಂದೆಗೊಂದು ಸ್ವಿಸ್ ವಾಚು ಕೊಡಿಸುವ ಆಸೆ. ಅಂಗಡಿಯಲ್ಲಿ ಎರಡು ವಾಚುಗಳನ್ನು ತೋರಿಸಿದರಂತೆ. ನೋಡಲು ಅಕ್ಕತಂಗಿಯರಂತಿದ್ದರೂ ಒಂದರ ಬೆಲೆ ಇನ್ನೊಂದರ ಮೂರುಪಟ್ಟು. ಕಾರಣ ಕೇಳಿದರೆ, "ಇದರ ಮಶೀನು ಕಂಪೆನಿಯ ಸ್ವಂತದ್ದು, ಅದರದ್ದು ಹೊರಗಿನಿಂದ ಕೊಂಡದ್ದು" ಎಂಬ ಉತ್ತರ ಬಂದಿತು.

"ಇದೇನು ಮಾರಾಯ್ರೇ, ಸ್ವಂತ ಮಶೀನು ಅಂದರೆ? ಮಗ ಬೆವರು ಸುರಿಸಿ ಸಂಪಾದಿಸಿದ ದುಡ್ಡು. ಬರೀ ಆ ಒಂದು ಮಾತಿಗೆ ಮೂರುಪಟ್ಟು ಕೊಡುವುದು ಸರಿಯೇ?" ಎಂದು ಮಿತ್ರರು ಕೇಳಿದರು.

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸಣ್ಣದಲ್ಲ. ಅದನ್ನು ತಿಳಿಯಬೇಕಾದರೆ ಸ್ವಿಟ್ಜರ್‌ಲೆಂಡಿನ ಜೂರಾ ಬೆಟ್ಟಗಳವರೆಗೆ ಹೋಗಿ ಬರಬೇಕಾಗುತ್ತದೆ.

ಒಡಲಿನಲ್ಲಿ ಏನಿದೆ?

ಕೀ ಕೊಡುವ ವಾಚಿನ ಒಳಯಂತ್ರದ ತತ್ತ್ವ ಬಹು ಸರಳವಾದುದು. ಸುತ್ತಿಟ್ಟ ಉಕ್ಕಿನ ಪಟ್ಟಿಯೊಂದು ಬಿಚ್ಚಿಕೊಳ್ಳಲು ಹವಣಿಸುತ್ತದೆ, ಇದೇ ಮೇನ್‌ಸ್ಪ್ರಿಂಗು. ಅದರ ಬಲ ಹಲ್ಲಿನ ಚಕ್ರಗಳ ಮೂಲಕ ಮುಂದೆ ಹರಿಯುತ್ತದೆ. ಆ ಬಲ ಒಮ್ಮೆಲೇ ಹರಿದುಹೋಗದಂತೆ, ಅಳೆದು ಅಳೆದು ಬಿಡುವ ಕೆಲಸ ತೂಗುವ ಚಕ್ರದ್ದು. ರಿಪೇರಿಯವರು ಇದನ್ನು ಬ್ಯಾಲೆನ್ಸು ಎನ್ನುತ್ತಾರೆ. ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗೊಂದು ಅದನ್ನು ಅತ್ತಿಂದಿತ್ತ ತೂಗಿಸುತ್ತಿರುತ್ತದೆ. ಇಂದಿನ ಸಾಮಾನ್ಯ ಸ್ವಿಸ್ ಯಂತ್ರದಲ್ಲಿ ಈ ತೂಗು ಗಂಟೆಗೆ ೨೮,೮೦೦ ಸಲ, ಎಂದರೆ ಸೆಕೆಂಡಿಗೆ ೮ ಸಲ ನಡೆಯುತ್ತದೆ. ದಿನಕ್ಕೆ ೬,೯೧,೨೦೦ ಸಲ. ವರ್ಷಕ್ಕೆ ೨೫ ಕೋಟಿಗೂ ಮಿಗಿಲು. ಸವೆಯಬಾರದೆಂದು ತಿರುಗುವ ಮೊನೆಗಳಿಗೆ ಕೃತಕ ಮಾಣಿಕ್ಯದ ಹರಳುಗಳನ್ನು ಕೂಡಿಸಿರುತ್ತಾರೆ. ಹದಿನೇಳು ಹರಳಿನ ವಾಚು, ಇಪ್ಪತ್ತೈದು ಹರಳಿನ ವಾಚು ಎಂದು ಹೇಳುವುದು ಇದರಿಂದಲೇ.

ದಿನವೊಂದಕ್ಕೆ ೮೬,೪೦೦ ಸೆಕೆಂಡು. ಸ್ವಿಟ್ಜರ್‌ಲೆಂಡಿನ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ 'ಕ್ರೋನೋಮೀಟರ್' ಎಂಬ ಮಾನ್ಯತೆ ಪಡೆಯಬೇಕಾದ ಯಂತ್ರ, ಹದಿನೈದು ದಿನಗಳ ಕಾಲ, ಐದು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ ಪರೀಕ್ಷೆಗೊಳಗಾಗಿ, ಸರಾಸರಿಯಲ್ಲಿ ದಿನಕ್ಕೆ ೪ ಸೆಕೆಂಡು ಹಿಂದಕ್ಕೂ ೬ ಸೆಕೆಂಡು ಮುಂದಕ್ಕೂ ಮೀರದೆ ನಡೆಯಬೇಕು. ಈ ಪರೀಕ್ಷೆ ಯಂತ್ರದ ನಡೆಯನ್ನು ನೋಡುತ್ತದೆಯೇ ಹೊರತು ಅದು ಯಾರ ಮನೆಯಲ್ಲಿ ಹುಟ್ಟಿತೆಂದು ಕೇಳುವುದಿಲ್ಲ. ಸಂತೆಯ ಯಂತ್ರಗಳೂ ಇದರಲ್ಲಿ ಲಕ್ಷಗಟ್ಟಲೆ ಉತ್ತೀರ್ಣವಾಗಿವೆ.

ಹಂಚಿಕೊಂಡು ಮಾಡಿದ ಕಸುಬು

ವಾಚೆಂದರೆ ಒಬ್ಬ ಮುದಿ ಕುಶಲಕರ್ಮಿ ಒಂದೇ ಕಿಟಕಿಯ ಬಳಿ ಕುಳಿತು ಮೊದಲಿನಿಂದ ಕೊನೆಯವರೆಗೆ ಮಾಡಿದ ವಸ್ತುವೆಂಬ ಚಿತ್ರ ಜಾಹೀರಾತುಗಳಿಂದ ನಮ್ಮ ಮನಸ್ಸಿನಲ್ಲಿ ನೆಲೆಸಿದೆ. ಇತಿಹಾಸ ಬೇರೆಯೇ ಹೇಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜೂರಾ ಬೆಟ್ಟಗಳ ರೈತರು, ಹಿಮ ಬಿದ್ದು ಹೊಲದ ಕೆಲಸ ನಿಂತ ತಿಂಗಳುಗಳಲ್ಲಿ, ಮನೆಮನೆಯಲ್ಲಿ ವಾಚಿನ ಬಿಡಿಭಾಗಗಳನ್ನು ಮಾಡುತ್ತಿದ್ದರು. ಒಂದು ಮನೆಯಲ್ಲಿ ಚಕ್ರ, ಇನ್ನೊಂದರಲ್ಲಿ ತಿರುಪು, ಮತ್ತೊಂದರಲ್ಲಿ ಮುಳ್ಳು. ವ್ಯಾಪಾರಿಯೊಬ್ಬ ಎಲ್ಲವನ್ನೂ ಕೂಡಿಹಾಕಿ, ಜೋಡಿಸಿ, ತನ್ನ ಹೆಸರು ಕೆತ್ತಿ ಮಾರುತ್ತಿದ್ದನು. ಅಂತೂ ಹಂಚಿಕೊಂಡು ಮಾಡುವುದೇ ಸ್ವಿಸ್ ಕಸುಬಿನ ಮೂಲಧರ್ಮವಾಗಿತ್ತು. ಅರೆಸಿದ್ಧ ಯಂತ್ರಗಳನ್ನೇ ತಯಾರಿಸಿ ಇತರರಿಗೆ ಮಾರುವ ಕಾರ್ಖಾನೆ ಫೋಂತೆನ್‌ಮೆಲೋ ಎಂಬ ಊರಿನಲ್ಲಿ ೧೭೯೩ರಷ್ಟು ಹಿಂದೆಯೇ ಏರ್ಪಟ್ಟಿತು.

೧೮೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಸ್ವಿಸ್ ವಾಚು ತಯಾರಕರು ಜಾಕ್ ಡೇವಿಡ್ ಎಂಬ ಇಂಜಿನಿಯರನನ್ನು ಕಳುಹಿಸಿದರು. ಅಲ್ಲಿನ ಕಾರ್ಖಾನೆಗಳಲ್ಲಿ ಯಂತ್ರಗಳೇ ಬಿಡಿಭಾಗಗಳನ್ನು ಕತ್ತರಿಸುತ್ತಿದ್ದುದನ್ನೂ, ಒಂದರ ಭಾಗ ಇನ್ನೊಂದಕ್ಕೆ ತಪ್ಪದೆ ಕೂಡುತ್ತಿದ್ದುದನ್ನೂ ಕಂಡು ಆತ ಬೆಚ್ಚಿದನು. ನಾವೂ ಬದಲಾಗದಿದ್ದರೆ ಉಳಿಗಾಲವಿಲ್ಲವೆಂದು ಬರೆದು ತಿಳಿಸಿದನು. ಸ್ವಿಸ್ಸರು ಬದಲಾದರು. ಮುಂದೆ ೧೯೨೬ರಲ್ಲಿ ಯಂತ್ರ ತಯಾರಿಸುವ ದೊಡ್ಡ ಕಾರ್ಖಾನೆಗಳು 'ಎಬೋಶ್ ಎಸ್.ಎ.' ಎಂಬ ಒಂದೇ ಸಂಸ್ಥೆಯಡಿ ಸೇರಿದವು. ಗ್ರೆಂಖೆನ್ ಪಟ್ಟಣದ ಈಟಿಎ ಕಾರ್ಖಾನೆಯೂ ೧೯೩೨ರಲ್ಲಿ ಅದನ್ನು ಸೇರಿತು. ಇಂದು 'ಸಂತೆಯ ಯಂತ್ರ' ಎಂದು ಕೆಲವರು ಮೂಗುಮುರಿಯುವುದು ಬಹುಮಟ್ಟಿಗೆ ಈ ವಂಶದ ಯಂತ್ರಗಳನ್ನು ಕಂಡೇ.

ಸಂತೆಯ ಯಂತ್ರದ ಸಾಧನೆ

ಈಟಿಎ ೨೮೨೪ ಎಂಬುದು ಅವುಗಳಲ್ಲಿ ಪ್ರಖ್ಯಾತವಾದುದು. ೪.೬ ಮಿಲಿಮೀಟರ್ ದಪ್ಪ, ೨೫ ಹರಳು, ಕೈ ಅಲುಗಿದಂತೆ ತಾನೇ ಕೀ ಸುತ್ತಿಕೊಳ್ಳುವ ವ್ಯವಸ್ಥೆ, ಬಿಚ್ಚಿಟ್ಟರೆ ಸುಮಾರು ಒಂದೂವರೆ ದಿನದ ನಡೆ. ಅಲಂಕಾರವೇನೂ ಇಲ್ಲ. ಆದರೆ ದಶಕಗಳ ಕಾಲ, ನೂರಾರು ಹೆಸರಿನ ವಾಚುಗಳೊಳಗೆ ಕುಳಿತು, ಎಲ್ಲ ಹವೆಯಲ್ಲೂ ಎಲ್ಲ ಬಗೆಯ ಕೈಗಳಲ್ಲೂ ನಡೆದು, ತನ್ನ ದೋಷಗಳನ್ನೆಲ್ಲ ಹೊರಗೆಡವಿ ತಿದ್ದಿಸಿಕೊಂಡ ಯಂತ್ರವಿದು. ೧೯೭೩ರ ಸುಮಾರಿಗೆ ಎದ್ಮೋ ಕಾಪ್ ಎಂಬಾತ ಗಣಕಯಂತ್ರದ ಸಹಾಯ ಪಡೆದು ರೂಪಿಸಿದ ವಾಲ್‌ಜೂ ೭೭೫೦ ಎಂಬ ಸ್ಟಾಪ್‌ವಾಚು ಯಂತ್ರದ್ದೂ ಇಂಥದೇ ಕೀರ್ತಿ.

ಇಲ್ಲಿ ಗಿರಾಕಿಗಳು ಅರಿಯಬೇಕಾದ ಒಂದು ಸೂಕ್ಷ್ಮವುಂಟು. ಸಂಖ್ಯೆ ಒಂದೇ ಆದರೂ ಯಂತ್ರ ಒಂದೇ ಅಲ್ಲ. ೨೮೨೪ ನಾಲ್ಕು ದರ್ಜೆಗಳಲ್ಲಿ ಬಂದಿತು. ಕೆಳದರ್ಜೆಯದನ್ನು ಎರಡು ಭಂಗಿಗಳಲ್ಲಿ ಮಾತ್ರ ಹೊಂದಿಸುತ್ತಿದ್ದರು. ಮೇಲಿನ ದರ್ಜೆಗಳದನ್ನು ಐದು ಭಂಗಿಗಳಲ್ಲಿ. ಹೇರ್‌ಸ್ಪ್ರಿಂಗಿನ ಲೋಹ, ತೂಗುಚಕ್ರದ ಲೋಹ, ಪೆಟ್ಟು ತಡೆಯುವ ಕೀಲು ಇವೆಲ್ಲವೂ ದರ್ಜೆಯೊಡನೆ ಬದಲಾಗುತ್ತವೆ. ಆದುದರಿಂದ "ಇದರಲ್ಲಿಯೂ ಅದೇ ಮಶೀನು" ಎನ್ನುವ ಅಗ್ಗದ ವ್ಯಾಪಾರಿಯ ಮಾತನ್ನೂ ಹಾಗೆಯೇ ನುಂಗುವಂತಿಲ್ಲ.

ದೊಡ್ಡ ಮನೆತನಗಳ ಸಾಲ

ಈಗ ಇನ್ನೊಂದು ಮಗ್ಗುಲು ನೋಡೋಣ. ೧೯೬೭ರಲ್ಲಿ ಜೇಗರ್-ಲಕೂಲ್ತ್ರ್ ಸಂಸ್ಥೆ ೯೨೦ ಎಂಬ ಅತಿ ತೆಳುವಾದ ಯಂತ್ರವನ್ನು ರೂಪಿಸಿತು. ಇದನ್ನು ಬಳಸಿದವರು ಯಾರು? ಓದೆಮಾರ್ ಪಿಗೆ ತನ್ನ ೧೯೭೨ರ ರಾಯಲ್ ಓಕ್ ವಾಚಿನಲ್ಲಿ, ಪಟೆಕ್ ಫಿಲಿಪ್ ತನ್ನ ೧೯೭೬ರ ನಾಟಿಲಸ್‌ನಲ್ಲಿ, ವಾಶೆರೋನ್ ಕೊನ್‌ಸ್ಟಾಂಟಿನ್ ತನ್ನ ೧೯೭೭ರ ೨೨೨ರಲ್ಲಿ. ಸ್ವಿಸ್ ವಾಚುಗಳಲ್ಲಿ ಅತ್ಯುನ್ನತವೆಂದು ಎಣಿಸುವ ಮೂರು ಮನೆತನಗಳು ತಮ್ಮ ಮೂರು ಪ್ರಸಿದ್ಧ ವಾಚುಗಳಲ್ಲಿ ಒಂದೇ ನೆರೆಮನೆಯ ಯಂತ್ರದ ಮೇಲೆ ಕೈಚಳಕ ತೋರಿದವು. ಅದನ್ನು ರೂಪಿಸಿದ ಸಂಸ್ಥೆ ಮಾತ್ರ ತನ್ನ ಹೆಸರಿನ ವಾಚಿನಲ್ಲಿ ಅದನ್ನು ಬಳಸಲೇ ಇಲ್ಲ!

ರೋಲೆಕ್ಸ್ ಹಲವು ದಶಕಗಳ ಕಾಲ ತನ್ನ ಯಂತ್ರಗಳನ್ನು ಬೀಲ್ ನಗರದ ಎಗ್ಲರ್ ಕಾರ್ಖಾನೆಯಿಂದ ಪಡೆಯಿತು. ಆ ಕಾರ್ಖಾನೆ ರೋಲೆಕ್ಸಿನ ವಶಕ್ಕೆ ಬಂದುದು ೨೦೦೪ರಲ್ಲಿ. ಇಂದು ಹುಚ್ಚುಬೆಲೆ ಕೊಟ್ಟು ಕೊಳ್ಳುವ ರೋಲೆಕ್ಸ್ ಡೇಟೋನಾದಲ್ಲಿ ಮೊದಲು ವಾಲ್‌ಜೂ ಯಂತ್ರವೂ, ೧೯೮೮ರಿಂದ ೨೦೦೦ದವರೆಗೆ ಜೆನಿತ್ ಸಂಸ್ಥೆಯ ಎಲ್ ಪ್ರಿಮೆರೋ ಯಂತ್ರವೂ ಇದ್ದವು. ರೋಲೆಕ್ಸ್ ಅದನ್ನು ಬಹಳವಾಗಿ ತಿದ್ದಿ, ಗಂಟೆಗೆ ೩೬,೦೦೦ ಇದ್ದ ತೂಗನ್ನು ೨೮,೮೦೦ಕ್ಕೆ ಇಳಿಸಿ ಬಳಸಿತು. ೧೯೬೯ರಲ್ಲಿ ಚಂದ್ರನ ಮೇಲೆ ಇಳಿದ ಬಜ್ ಆಲ್ಡ್ರಿನ್ ಕೈಗೆ ಕಟ್ಟಿದ್ದ ಒಮೇಗಾ ವಾಚಿನ ಯಂತ್ರ ಲೆಮಾನಿಯಾ ಕಾರ್ಖಾನೆಯಲ್ಲಿ ರೂಪುಗೊಂಡುದು. ಅದೇ ಲೆಮಾನಿಯಾ ಬುನಾದಿಯ ಮೇಲೆ ಪಟೆಕ್ ಫಿಲಿಪ್ ಕೂಡ ವರ್ಷಗಟ್ಟಲೆ ಸ್ಟಾಪ್‌ವಾಚುಗಳನ್ನು ಮಾಡಿತು. ಆಗ ಯಾರಿಗೂ ಇದು ಅವಮಾನವೆನಿಸಲಿಲ್ಲ. ಒಳ್ಳೆಯ ಯಂತ್ರವನ್ನು ಆರಿಸಿ, ಉಜ್ಜಿ, ಹೊಂದಿಸಿ, ಚೆಂದದ ಒಡಲಲ್ಲಿ ಕೂಡಿಸುವುದೂ ಒಂದು ಕಲೆಯೆಂದೇ ಎಲ್ಲರ ಭಾವನೆಯಾಗಿತ್ತು.

ಹಾಗಾದರೆ ಈ ಹಂಬಲ ಎಲ್ಲಿಂದ ಬಂತು?

೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯಿಂದ ನಡೆಯುವ ಈ ಅಗ್ಗದ, ಕರಾರುವಾಕ್ಕಾದ ವಾಚುಗಳ ಮುಂದೆ ಸ್ವಿಸ್ ಕಸುಬು ಕುಸಿಯಿತು. ೧೯೭೦ರಲ್ಲಿ ಸುಮಾರು ೯೦,೦೦೦ ಮಂದಿ ಬದುಕುತ್ತಿದ್ದ ಉದ್ಯಮದಲ್ಲಿ ಎಂಬತ್ತರ ದಶಕದ ನಡುವಿನ ಹೊತ್ತಿಗೆ ಮೂರರಲ್ಲೊಂದು ಪಾಲು ಉಳಿಯಿತೆಂದರೆ ಆ ಹೊಡೆತವನ್ನು ಊಹಿಸಬಹುದು. ೧೯೮೩ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಎರಡು ದೊಡ್ಡ ಕೂಟಗಳನ್ನು ಒಂದುಗೂಡಿಸಲಾಯಿತು. ನಿಕೊಲಾಸ್ ಹಯೆಕ್ ಅದರ ಚುಕ್ಕಾಣಿ ಹಿಡಿದರು. ಅದೇ ಇಂದಿನ ಸ್ವಾಚ್ ಸಮೂಹ. ಈಟಿಎ ಅದರ ಒಡೆತನಕ್ಕೆ ಸೇರಿತು.

ಯಾಂತ್ರಿಕ ವಾಚಿಗೆ ಮತ್ತೆ ಬೇಡಿಕೆ ಬಂದಾಗ ಪ್ರತಿಸ್ಪರ್ಧಿಗಳೆಲ್ಲರೂ ಈಟಿಎಯ ಬಾಗಿಲಿಗೇ ಬಂದರು. "ಕಷ್ಟಕಾಲದಲ್ಲಿ ಯಂತ್ರದ ಮೇಲೆ ಹಣ ಹೂಡಿದವರು ನಾವು, ಜಾಹೀರಾತಿನ ಮೇಲೆ ಮಾತ್ರ ಹೂಡಿದವರಿಗೆ ನಾವೇಕೆ ಒದಗಿಸಬೇಕು?" ಎಂಬುದು ಹಯೆಕ್‌ರ ವಾದದ ತಾತ್ಪರ್ಯ. ಹೊರಗಿನವರಿಗೆ ಅರೆಸಿದ್ಧ ಯಂತ್ರಗಳ ಮಾರಾಟವನ್ನು ನಿಲ್ಲಿಸುವುದಾಗಿ ೨೦೦೨ರಲ್ಲಿ ಸ್ವಾಚ್ ಸಮೂಹ ಪ್ರಕಟಿಸಿತು. ಉದ್ಯಮ ತಲ್ಲಣಿಸಿತು. ದೇಶದ ಸ್ಪರ್ಧಾ ಆಯೋಗ ನಡುವೆ ಪ್ರವೇಶಿಸಿತು. ೨೦೧೩ರ ಒಪ್ಪಂದದಂತೆ ೨೦೧೯ರ ಕೊನೆಯವರೆಗೆ ಹಂತಹಂತವಾಗಿ ಸರಬರಾಜನ್ನು ತಗ್ಗಿಸುವುದೆಂದಾಯಿತು.

ಇದರ ಫಲ ಎರಡು. ಮೊದಲನೆಯದಾಗಿ, ಹಿಂದೆ ಈಟಿಎ ಯಂತ್ರಗಳನ್ನು ಜೋಡಿಸಿಕೊಡುತ್ತಿದ್ದ ಸೆಲಿಟಾ ಎಂಬ ಸಂಸ್ಥೆ, ಹಕ್ಕಿನ ಅವಧಿ ಮುಗಿದ ೨೮೨೪ರ ವಿನ್ಯಾಸವನ್ನೇ ಆಧರಿಸಿ ತನ್ನ ಎಸ್‌ಡಬ್ಲ್ಯು ೨೦೦ ಯಂತ್ರವನ್ನು ತಂದಿತು. ಎರಡನೆಯದಾಗಿ, ಹಣವುಳ್ಳ ಮನೆತನಗಳು ಸ್ವಂತ ಯಂತ್ರ ರೂಪಿಸತೊಡಗಿದವು. ಅದಕ್ಕೆ ಅಪಾರ ಹಣ ಬೇಕು. ಹಾಕಿದ ಹಣ ಮರಳಬೇಕು. ಹೀಗೆ ಅನಿವಾರ್ಯದಿಂದ ಹುಟ್ಟಿದುದು ಜಾಹೀರಾತಿನ ಬಾಯಲ್ಲಿ ಆಭಿಜಾತ್ಯದ ಲಕ್ಷಣವಾಯಿತು.

'ಸ್ವಂತ' ಎಷ್ಟು ಸ್ವಂತ?

ಸ್ವಂತ ಯಂತ್ರವೆಂದು ಹೇಳಿಕೊಳ್ಳುವ ಎಷ್ಟೋ ವಾಚುಗಳ ಹೇರ್‌ಸ್ಪ್ರಿಂಗು ಬರುವುದು ನಿವರಾಕ್ಸ್ ಎಂಬ ಒಂದೇ ಸಂಸ್ಥೆಯಿಂದ. ಅದೂ ಸ್ವಾಚ್ ಸಮೂಹದ್ದೇ. ಹೇರ್‌ಸ್ಪ್ರಿಂಗು ಮಾಡುವುದು ಅಷ್ಟು ಕಷ್ಟದ ಕೆಲಸವಾದುದರಿಂದ ಅದನ್ನು ತಾವೇ ಮಾಡಿಕೊಳ್ಳುವವರು ಬೆರಳೆಣಿಕೆಯಷ್ಟು ಮಂದಿ. ೨೦೦೯ರ ಕೊನೆಯಲ್ಲಿ ಟ್ಯಾಗ್ ಹೊಯರ್ ಸಂಸ್ಥೆ ೧೮೮೭ ಎಂಬ ತನ್ನ ಯಂತ್ರವನ್ನು ಬಿಂಕದಿಂದ ಪ್ರಕಟಿಸಿದ ಬಳಿಕ, ಅದರ ಮೂಲ ವಿನ್ಯಾಸದ ಹಕ್ಕು ಜಪಾನಿನ ಸೈಕೋದಿಂದ ಕೊಂಡದ್ದೆಂದು ಒಪ್ಪಿಕೊಳ್ಳಬೇಕಾಯಿತು. ೨೦೧೭ರಲ್ಲಿ ಟ್ಯೂಡರ್ ಮತ್ತು ಬ್ರೈಟ್ಲಿಂಗ್ ತಮ್ಮ ತಮ್ಮ ಯಂತ್ರಗಳನ್ನು ಬಹಿರಂಗವಾಗಿಯೇ ವಿನಿಮಯ ಮಾಡಿಕೊಂಡವು. ಆಗ ಅದನ್ನು ಸ್ವಂತವೆನ್ನುವುದೋ, ಸಂತೆಯದೆನ್ನುವುದೋ? ನಮಗೇನೋ ಆ ವಿನಿಮಯವೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಹಾಗೆಂದು ಸ್ವಂತ ಯಂತ್ರಕ್ಕೆ ಬೆಲೆಯೇ ಇಲ್ಲವೆಂದಲ್ಲ. ಹೊಸ ವಿಚಾರ ಹುಟ್ಟುವುದು ಸ್ವಂತ ಕಾರ್ಖಾನೆಯಲ್ಲಿಯೇ. ೧೯೭೫ರಲ್ಲಿ ಜೆನಿತ್‌ನ ಅಮೆರಿಕದ ಒಡೆಯರು ಯಾಂತ್ರಿಕ ವಾಚುಗಳ ತಯಾರಿಕೆಯನ್ನು ನಿಲ್ಲಿಸಿ ಸಲಕರಣೆಗಳನ್ನು ವಿಲೇವಾರಿ ಮಾಡಲು ಆಜ್ಞಾಪಿಸಿದಾಗ, ಶಾರ್ಲ್ ವೆರ್ಮೊ ಎಂಬ ಕಾರ್ಯಾಗಾರದ ಮುಖ್ಯಸ್ಥನು ಎಲ್ ಪ್ರಿಮೆರೋ ಯಂತ್ರದ ಅಚ್ಚುಗಳನ್ನೂ ಸಲಕರಣೆಗಳನ್ನೂ ಅಟ್ಟದಲ್ಲಿ ಅಡಗಿಸಿ, ವಿವರಗಳನ್ನೆಲ್ಲ ಬರೆದಿಟ್ಟನು. ಹತ್ತು ವರ್ಷದ ಬಳಿಕ ಆ ಯಂತ್ರ ಮತ್ತೆ ಹುಟ್ಟಿದುದು, ರೋಲೆಕ್ಸಿನ ಒಡಲನ್ನೂ ಸೇರಿದುದು ಆ ಒಬ್ಬ ನೌಕರನ ನಿಷ್ಠೆಯಿಂದ. ತಾನು ಮಾಡಿದುದರ ಮೇಲೆ ಇಷ್ಟು ಮಮತೆ, ಕೊಂಡು ಜೋಡಿಸುವ ಮನೆಯಲ್ಲಿ ಹುಟ್ಟುವುದು ಕಷ್ಟ. ಆ ಮಮತೆಗೆ ಬೆಲೆ ಕೊಡುತ್ತೇನೆನ್ನುವ ಸಿರಿವಂತನನ್ನು ನಾವು ಮೂರ್ಖನೆನ್ನಲಾರೆವು.

ನಮ್ಮ ಮನೆಯ ಪಾಠ

ಆದರೆ ಸ್ವಂತ ಯಂತ್ರವೆಂದರೆ ದುಬಾರಿ, ಸಂತೆಯ ಯಂತ್ರವೆಂದರೆ ಅಗ್ಗ ಎಂಬ ಲೆಕ್ಕ ಮಾತ್ರ ತಪ್ಪು. ಜಪಾನಿನ ಸೈಕೋ ತನ್ನ ಅಗ್ಗದ 'ಸೈಕೋ ೫' ವಾಚುಗಳ ಯಂತ್ರವನ್ನೂ ತಾನೇ ಮಾಡಿತು. ಅಷ್ಟು ದೂರ ಹೋಗುವುದೂ ಬೇಡ. ೧೯೬೧ರಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ಕಾರ್ಖಾನೆಯನ್ನು ತೆರೆಯಿತು. ೧೯೭೮ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಗುಮಾಸ್ತನೂ ಶಾಲಾ ಮಾಸ್ತರನೂ ಕೊಳ್ಳಬಹುದಾದ 'ಜನತಾ' ವಾಚಿನ ಯಂತ್ರ ಅದನ್ನು ಮಾರುವ ಸಂಸ್ಥೆಯ ಕಾರ್ಖಾನೆಯಲ್ಲೇ ತಯಾರಾಯಿತು. ಇಂದಿನ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ನಮ್ಮ ಮಿತ್ರರು ಮೊದಲ ಸಂಬಳದಿಂದಲೇ 'ಸ್ವಂತ ಯಂತ್ರದ' ವಾಚನ್ನು ಕಟ್ಟುತ್ತಿದ್ದರು; ಅವರಿಗೇ ಅದು ತಿಳಿದಿರಲಿಲ್ಲ!

ಇದನ್ನು ಕೇಳಿ ಅವರು ನಕ್ಕರು. ಬಳಿಕ ಮುಖ ಗಂಭೀರವಾಯಿತು. ಎಚ್.ಎಂ.ಟಿ. ವಾಚು ಸಂಸ್ಥೆಯನ್ನು ಮುಚ್ಚುವ ನಿರ್ಣಯವನ್ನು ಕೇಂದ್ರ ಸರಕಾರ ೨೦೧೬ರ ಜನವರಿಯಲ್ಲಿ ಕೈಗೊಂಡಿತು. ಮಿತ್ರರ ವಾಚಿನ ತೂಗುಚಕ್ರದ ಕಡ್ಡಿ ಈಚೆಗೆ ಮುರಿದಾಗ, ರಿಪೇರಿಯ ಮುದುಕನು ಹೊಸ ಕಡ್ಡಿ ದೊರೆಯದೆ, ಹಾಳಾದ ಇನ್ನೊಂದು ಎಚ್.ಎಂ.ಟಿ. ವಾಚನ್ನು ಬಿಚ್ಚಿ ಅದರ ಭಾಗವನ್ನು ತೆಗೆದು ಹಾಕಿಕೊಟ್ಟನಂತೆ. "ಇನ್ನು ಹತ್ತು ವರ್ಷ ನಡೆದೀತು ಸಾಹೇಬರೇ. ಆಮೇಲೆ ನಾನೂ ಇರುವುದಿಲ್ಲ, ಈ ಭಾಗವೂ ಸಿಕ್ಕುವುದಿಲ್ಲ" ಎಂದನಂತೆ.

ಇಲ್ಲಿಯೇ ಪ್ರಶ್ನೆಯ ತಿರುಳಿದೆ. ಸ್ವಂತ ಯಂತ್ರದ ವಾಚು ಆ ಮನೆಯ ಬಾಳಿಗೆ ಕಟ್ಟುಬಿದ್ದುದು. ಮನೆ ಬಾಳಿದರೆ ಅದು ಬಾಳುತ್ತದೆ. ಮನೆಯವರು ಬಾಗಿಲು ಹಾಕಿದರೆ, ಇಲ್ಲವೇ ಆ ಮಾದರಿಯನ್ನೇ ಕೈಬಿಟ್ಟರೆ, ಅದು ಅನಾಥ. ಮನೆ ಬಾಳಿದರೂ ಬಿಡಿಭಾಗವನ್ನು ಹೊರಗಿನ ರಿಪೇರಿಯವನಿಗೆ ಕೊಡದ ಸಂಸ್ಥೆಗಳು ಹಲವು. ನಮ್ಮದೇ ಅನುಭವ ಹೇಳುವುದಾದರೆ, ಬಂಧುವೊಬ್ಬರ ಬೆಲೆಬಾಳುವ ವಾಚು ನಿಂತಾಗ ಅದನ್ನು ಪರದೇಶಕ್ಕೇ ಕಳುಹಿಸಬೇಕಾಯಿತು. ಐದು ತಿಂಗಳು ಕಳೆದು ಅದು ಮರಳಿದಾಗ ಬಂದ ಬಿಲ್ಲಿನಲ್ಲಿ ಒಳ್ಳೆಯ ಹೊಸ ವಾಚೊಂದು ಬರುತ್ತಿತ್ತು. ಸಂತೆಯ ಯಂತ್ರವಾದರೋ ಲಕ್ಷಗಟ್ಟಲೆ ವಾಚುಗಳಲ್ಲಿ ಹಂಚಿಹೋಗಿದೆ. ಅದರ ನಾಡಿ ಬಲ್ಲ ರಿಪೇರಿಯವರು ಊರೂರಿನಲ್ಲಿದ್ದಾರೆ. ಭಾಗಗಳೂ ಹೋಲಿಕೆಯಲ್ಲಿ ಸುಲಭವಾಗಿ ಸಿಕ್ಕುತ್ತವೆ.

ಕೊಳ್ಳುವ ಮುನ್ನ

ಆದುದರಿಂದ ವಾಚಕರಿಗೆ ನಮ್ಮ ವಿನಯದ ಸಲಹೆ ಇಷ್ಟೇ. ಮೊದಲು, ಯಂತ್ರದ ಹೆಸರನ್ನೂ ಸಂಖ್ಯೆಯನ್ನೂ ದರ್ಜೆಯನ್ನೂ ಕೇಳಿರಿ. ಎರಡನೆಯದಾಗಿ, 'ಸ್ವಂತ' ಎಂದರೆ ಯಾವ ಭಾಗ ಸ್ವಂತ, ಯಾವುದು ಕೊಂಡದ್ದು ಎಂದು ವಿಚಾರಿಸಿರಿ, ಪ್ರಾಮಾಣಿಕರು ಹೇಳುತ್ತಾರೆ. ಮೂರನೆಯದಾಗಿ, ಐದಾರು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸುವ ಕೆಲಸ ಈ ಊರಿನಲ್ಲಿ ಆಗುತ್ತದೆಯೇ, ಅದಕ್ಕೆ ಏನು ಬೀಳುತ್ತದೆ ಎಂಬುದನ್ನು ಹಣ ಕೊಡುವ ಮುನ್ನವೇ ತಿಳಿದುಕೊಳ್ಳಿರಿ. ಇವೆಲ್ಲಕ್ಕೂ ಒಪ್ಪುವ ಉತ್ತರ ದೊರೆತು, ಆ ಯಂತ್ರದ ಕೈಗೆಲಸ ಮನಸ್ಸನ್ನು ಸೆಳೆದು, ಕಿಸೆಯೂ ಒಪ್ಪಿದರೆ ಸ್ವಂತ ಯಂತ್ರದ್ದನ್ನು ಸಂತೋಷದಿಂದ ಕೊಳ್ಳಿರಿ. ಕೇವಲ ಆ ಮಾತಿನ ಮೋಹದಿಂದ ಮಾತ್ರ ಕೊಳ್ಳಬೇಡಿರಿ.

ನಮ್ಮ ಮಿತ್ರರು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹೋಟೆಲಿನ ದಿನಗಳ ಭಾಷೆಯಲ್ಲಿ ತೀರ್ಪು ಕೊಟ್ಟರು: "ದೋಸೆ ಚೆನ್ನಾಗಿದ್ದರೆ ಹಿಟ್ಟು ಯಾರು ರುಬ್ಬಿದರೆಂದು ಗಿರಾಕಿ ಕೇಳುವುದಿಲ್ಲ. ಆದರೆ 'ನಾವೇ ರುಬ್ಬಿದ್ದು' ಎಂದು ಬೋರ್ಡು ಹಾಕಿ ಹೆಚ್ಚು ದುಡ್ಡು ತೆಗೆದುಕೊಳ್ಳುವವನು ಒಮ್ಮೆ ಅಡಿಗೆಮನೆ ತೋರಿಸಬೇಕಲ್ಲ ಮಾರಾಯ್ರೇ!"

ಮುಂದಿನ ವಾರ ಮಗನೊಡನೆ ಹೋಗಿ ಅವರು ಕಡಿಮೆ ಬೆಲೆಯ ವಾಚನ್ನೇ ಕೊಂಡರು. ಅದರ ಹಿಂಬದಿಯನ್ನು ತೆಗೆದು ನೋಡಿದ ರಿಪೇರಿಯ ಮುದುಕನು, "ಇದನ್ನು ನನ್ನ ಮಗನೂ ರಿಪೇರಿ ಮಾಡಬಲ್ಲ" ಎಂದು ತಲೆದೂಗಿದನಂತೆ. ಉಳಿದ ಹಣದಲ್ಲಿ ಒಂದು ಸಣ್ಣ ಪಾಲನ್ನು ಅವರು ಅವನ ಕೈಗೇ ಇತ್ತಿದ್ದಾರೆ, ಎಲ್ಲಿಯಾದರೂ ಹಳೆಯ ಎಚ್.ಎಂ.ಟಿ. ವಾಚುಗಳು ಕಂಡರೆ ಭಾಗಗಳಿಗಾಗಿ ಕೊಂಡಿಡಲೆಂದು. ಹೊಸ ವಾಚು ಹಬ್ಬಹರಿದಿನಗಳಿಗೆ. ದಿನನಿತ್ಯ ಕೈಯಲ್ಲಿರುವುದು ಈಗಲೂ ಬೆಂಗಳೂರಿನದೇ.